ತುಳಸಿದಳ ಓದಿದ ಬೀದಿ

ಯಂಡಮೂರಿ ವೀರೇಂದ್ರನಾಥರ 'ತುಳಸಿದಳ' ನನ್ನ ಕೈಗೆ ಬಂದಾಗ ಅದಕ್ಕೆ ರಟ್ಟೂ ಇರಲಿಲ್ಲ, ಮೊದಲ ಕೆಲವು ಪುಟಗಳೂ ಇರಲಿಲ್ಲ. ಕೋಲಾರದ ಬಸ್ ನಿಲ್ದಾಣದ ಹಿಂದೆ ಆಗ ಒಂದು ಪುಟ್ಟ ಅಂಗಡಿ ಇತ್ತು. ನೋಟುಬುಕ್ಕು, ಪೆನ್ಸಿಲು, ಬಾಚಣಿಗೆ, ರಿಬ್ಬನ್ನು ಮಾರುತ್ತಿದ್ದ ಅಂಗಡಿಯಾತ ಹಿಂದಿನ ಗೋಡೆಗೆ ಒರಗಿಸಿದ ಹಲಗೆಯ ಮೇಲೆ ಕಾದಂಬರಿಗಳನ್ನು ಜೋಡಿಸಿ ದಿನಕ್ಕೆ ನಾಲ್ಕಾಣೆಗೆ ಬಾಡಿಗೆ ಕೊಡುತ್ತಿದ್ದ. ಉಳಿದ ಪುಸ್ತಕಗಳು ಹಲಗೆಯ ಮೇಲೆ ಇರುತ್ತಿದ್ದವು. ಇದೊಂದು ಮಾತ್ರ ಎಂದೂ ಅಲ್ಲಿರುತ್ತಿರಲಿಲ್ಲ. ಯಾರ ಮನೆಯಲ್ಲಿದೆ, ಅವರಾದ ಮೇಲೆ ಯಾರ ಸರದಿ ಎಂದು ಅಂಗಡಿಯಾತ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದ. ನಾವು ನಾಲ್ವರು ಹುಡುಗಿಯರು ಕಾಸು ಕೂಡಿಸಿ ಹೆಸರು ಬರೆಸಿದ್ದೆವು. ಎಂಬತ್ತರ ದಶಕದ ನಡುಭಾಗ. ನಾನು ಒಂಬತ್ತನೆಯ ತರಗತಿ.

ಅನುವಾದಿಸಿದವರ ಹೆಸರು ಆ ಹರಿದ ಪುಟಗಳ ಜೊತೆಯಲ್ಲೇ ಹೋಗಿತ್ತು. ಅದನ್ನು ಹುಡುಕಬೇಕೆಂದು ನಮಗೂ ಅನಿಸಲಿಲ್ಲ. ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ನಮ್ಮನ್ನು ಕನ್ನಡದಲ್ಲಿ ಹೆದರಿಸಿದವರು ಅವರೇ ಅಲ್ಲವೆ?

ನಮ್ಮ ಕನ್ನಡ ಮೇಷ್ಟ್ರು ಆ ದಿನಗಳಲ್ಲಿ ಎದೆಯುಬ್ಬಿಸಿ ನಡೆಯುತ್ತಿದ್ದರು. ಮಾಲೂರು ತಾಲ್ಲೂಕಿನ ಮಾಸ್ತಿಯವರಿಗೆ 1983ರ ಜ್ಞಾನಪೀಠ ಬಂದಿತ್ತು. ಮುಳಬಾಗಿಲು ಡಿವಿಜಿಯವರನ್ನು ಕೊಟ್ಟಿತು, ಮಾಲೂರು ಮಾಸ್ತಿಯವರನ್ನು ಕೊಟ್ಟಿತು, ನೀವೇನು ಕೊಡುತ್ತೀರಿ ಎಂದು ಕೇಳುವುದು ಅವರ ರೂಢಿ. ಅವರು ಹಾಗೆ ಕೇಳುತ್ತಿದ್ದ ಒಂದು ಮಧ್ಯಾಹ್ನವೇ ನನ್ನ ಡೆಸ್ಕಿನೊಳಗಿನ ತುಳಸಿದಳ ಸಿಕ್ಕಿಬಿದ್ದದ್ದು. ಅವರು ಬೈಯಲಿಲ್ಲ. ಪುಸ್ತಕವನ್ನು ಅಂಗೈಯಲ್ಲಿ ತೂಗಿ ನೋಡಿ, "ಇದನ್ನು ಓದಿದರೆ ನಿನ್ನ ವ್ಯಾಕರಣ ಸರಿಯಾಗುತ್ತದೇನಮ್ಮ?" ಎಂದು ಕೇಳಿ ತೆಗೆದುಕೊಂಡು ಹೋದರು. ಎರಡು ದಿನಗಳಾದ ಮೇಲೆ ಹಿಂದಕ್ಕೆ ಕೊಟ್ಟರು. ಆ ಎರಡು ದಿನದ ಬಾಡಿಗೆ ಎಂಟಾಣೆಯನ್ನೂ ಕೊಟ್ಟರು. ಮುಖದಲ್ಲಿ ನಿದ್ದೆಗೆಟ್ಟ ಕಳೆ ಇತ್ತು. ನಾವು ಯಾರೂ ನಗಲಿಲ್ಲ. ನಮ್ಮ ಮುಖಗಳೂ ಹಾಗೆಯೇ ಇದ್ದವು.

ಗಡಿಸೀಮೆಯಲ್ಲಿ ಓದು ಹೇಗೆ ನಡೆಯುತ್ತದೆಂಬುದನ್ನು ಹೊರಗಿನವರಿಗೆ ಸ್ವಲ್ಪ ವಿವರಿಸಬೇಕು. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಅನೇಕ ಮನೆಗಳಲ್ಲಿ ಮಾತು ತೆಲುಗು, ಅಕ್ಷರ ಕನ್ನಡ. ನಮ್ಮದೂ ಅಂಥ ಮನೆಯೇ. ಅಜ್ಜಿಯನ್ನು ನಾವು ಅವ್ವ ಎನ್ನುತ್ತಿದ್ದೆವು. ಅವ್ವನಿಗೆ ಎರಡು ಭಾಷೆಯ ಅಕ್ಷರವೂ ಬಾರದು. ರಾತ್ರಿ ಊಟವಾದ ಮೇಲೆ ನಾನು ಕನ್ನಡದಲ್ಲಿ ಒಂದು ಪುಟ ಓದಿಕೊಂಡು ಅವಳಿಗೆ ತೆಲುಗಿನಲ್ಲಿ ಹೇಳಬೇಕು. ಗೋದಾವರಿ ಸೀಮೆಯ ತೆಲುಗಿನಲ್ಲಿ ಹುಟ್ಟಿದ ಕಾದಂಬರಿ ಕನ್ನಡಕ್ಕೆ ಬಂದು, ನನ್ನ ಬಾಯಲ್ಲಿ ಕೋಲಾರದ ತೆಲುಗಾಗಿ ಅವ್ವನ ಕಿವಿಗೆ ಸೇರುತ್ತಿತ್ತು. "ತರ್ವಾತ?" ಎಂದು ಅವ್ವ ಕೇಳುವಳು. ನಾನು ಹೆದರಿ ನಿಲ್ಲಿಸಿದರೆ ಅವಳೇ ಮುಂದಿನದನ್ನು ಊಹಿಸಿ ಹೇಳುವಳು. ಅವಳ ಊಹೆ ಎಷ್ಟೋ ಸಲ ಪುಸ್ತಕಕ್ಕಿಂತ ಭಯಂಕರವಾಗಿರುತ್ತಿತ್ತು. ಪುಸ್ತಕದಲ್ಲಿ ಕಾಷ್ಮೋರಾ ಎಂದಿದ್ದ ದುಷ್ಟಶಕ್ತಿಯನ್ನು ಅವ್ವ ಆ ಹೆಸರಿನಿಂದ ಕರೆಯಲೇ ಇಲ್ಲ. ಅವಳಿಗೆ ಅದು ಚೇತಬಡಿ, ಅಂದರೆ ನಮ್ಮ ಕನ್ನಡದ ಮಾಟ. ಅವಳು ಚಿಕ್ಕಂದಿನಿಂದ ಕೇಳಿದ್ದ ವಿಷಯ. ಪುಸ್ತಕ ಅದಕ್ಕೆ ಸಾಕ್ಷಿ ಹೇಳಿದಂತಾಯಿತು, ಅಷ್ಟೆ.

ಪುಂಗನೂರಿನಲ್ಲಿದ್ದ ನನ್ನ ಚಿಕ್ಕಮ್ಮನಿಗೆ ತೆಲುಗು ಓದಲು ಬರುತ್ತಿತ್ತು. ಆಂಧ್ರಭೂಮಿ ವಾರಪತ್ರಿಕೆಯಲ್ಲಿ ಇದು ಧಾರಾವಾಹಿಯಾಗಿ ಬಂದಾಗ ಅವಳು ವಾರವಾರವೂ ಪುಟಗಳನ್ನು ಕತ್ತರಿಸಿ, ದಬ್ಬಳದಿಂದ ತೂತು ಮಾಡಿ, ಗೋಣಿದಾರದಿಂದ ಹೊಲಿದಿಟ್ಟಿದ್ದಳು. ಬೇಸಗೆ ರಜೆಯಲ್ಲಿ ಹೋದಾಗ ಆ ಕಟ್ಟನ್ನು ನೋಡಿದೆ. ಪ್ರತಿ ಕಂತಿನ ಕೊನೆಯಲ್ಲಿ ಅವಳ ಎಣ್ಣೆ ಬೆರಳಿನ ಗುರುತು. ಕಂತು ಮುಗಿದ ಜಾಗದಲ್ಲಿ ಬೆರಳೂರಿ ಅವಳು ಎಷ್ಟು ಹೊತ್ತು ಕುಳಿತಿರುತ್ತಿದ್ದಳೋ. ವೀರೇಂದ್ರನಾಥರ ಬರವಣಿಗೆಯ ಒಂದು ಗುಟ್ಟು ಆ ಎಣ್ಣೆಯ ಗುರುತುಗಳಲ್ಲಿಯೇ ಇದೆ ಎಂದು ಮುಂದೆ ನನಗೆ ಅರ್ಥವಾಯಿತು. ಅವರದು ವಾರದ ಬರಹ. ಏಳು ದಿನ ಓದುಗಳನ್ನು ಎಲ್ಲಿ ನಿಲ್ಲಿಸಬೇಕೆಂದು ಅವರಿಗೆ ಗೊತ್ತಿತ್ತು. ಬಾಗಿಲು ತೆರೆಯುವಾಗ ನಿಲ್ಲಿಸುತ್ತಿದ್ದರು. ಬಾಗಿಲ ಹಿಂದೆ ಏನಿದೆ ಎಂಬುದನ್ನು ಆ ಏಳು ದಿನ ಓದುಗಳೇ ಕಟ್ಟಿಕೊಳ್ಳುತ್ತಿದ್ದಳು, ನಮ್ಮ ಅವ್ವ ಕಟ್ಟಿಕೊಂಡ ಹಾಗೆ. ಭಯದ ಅರ್ಧ ಕೂಲಿಯನ್ನು ಓದುವವರೇ ಮಾಡುತ್ತಾರೆ.

ವೀರೇಂದ್ರನಾಥರು 1948ರಲ್ಲಿ ಪೂರ್ವಗೋದಾವರಿ ಜಿಲ್ಲೆಯ ರಾಜೋಲಿನಲ್ಲಿ ಹುಟ್ಟಿದವರು. ಓದಿದ್ದು ಚಾರ್ಟರ್ಡ್ ಅಕೌಂಟೆನ್ಸಿ. ಹಣಕಾಸು ನಿಗಮದಲ್ಲಿ, ಆಂಧ್ರ ಬ್ಯಾಂಕಿನಲ್ಲಿ ಕೆಲಸ ಮಾಡಿದವರು. ನಾಟಕಗಳನ್ನು ಬರೆಯುತ್ತಿದ್ದವರು ಕಾದಂಬರಿಗೆ ಬಂದರು. ಇದು ಗೊತ್ತಾದಾಗ ನನಗೆ ಆಶ್ಚರ್ಯವಾಗಿತ್ತು. ಹೆದರಿಸುವ ಕಥೆ ಬರೆಯುವವನು ಸ್ಮಶಾನದ ಪಕ್ಕ ವಾಸಿಸುವ, ಗಡ್ಡ ಬಿಟ್ಟ, ಕೆಂಗಣ್ಣಿನ ಮನುಷ್ಯನಾಗಿರಬೇಕೆಂದು ನಾವು ಹುಡುಗಿಯರು ತೀರ್ಮಾನಿಸಿದ್ದೆವು. ಲೆಕ್ಕಪತ್ರ ತಪಾಸಣೆ ಮಾಡುವ ಮನುಷ್ಯನೆಂದು ಯಾರೂ ಊಹಿಸಿರಲಿಲ್ಲ. ಆದರೆ ಪುಸ್ತಕವನ್ನು ಮತ್ತೆ ಓದಿದರೆ ಲೆಕ್ಕಿಗನ ಕೈ ಎದ್ದು ಕಾಣುತ್ತದೆ. ಕಥೆ ಶುರುವಾಗುವುದು ಸ್ಮಶಾನದಿಂದಲ್ಲ, ದುಡ್ಡಿನಿಂದ. ಶ್ರೀಧರ, ಶಾರದೆ ಎಂಬ ದಂಪತಿಗಳ ಮಗು ತುಳಸಿಯ ಹೆಸರಿನಲ್ಲಿ ಒಬ್ಬ ಶ್ರೀಮಂತ ದೊಡ್ಡ ಮೊತ್ತವನ್ನು ಬಿಟ್ಟುಹೋಗಿದ್ದಾನೆ. ಮಗು ಬದುಕಿದರೆ ದುಡ್ಡು ಅವಳಿಗೆ, ಇಲ್ಲವಾದರೆ ಬೇರೆಯವರ ಪಾಲು. ಕಾಷ್ಮೋರಾ ಮನೆಯೊಳಗೆ ಬರುವುದು ಈ ಉಯಿಲಿನ ಷರತ್ತಿನ ಬಾಗಿಲಿನಿಂದ. ಮಾಟಗಾರ ಕೂಲಿಯವನು. ಮಾಟ ಮಾಡಿಸುವವರು ಬೇರೆ.

ಪ್ರೇರಣೆಯ ವಿಷಯಕ್ಕೆ ಬಂದರೆ, ಇಂಗ್ಲಿಷ್ ಬಲ್ಲವರು ಕೂಡಲೇ ಹೇಳುತ್ತಿದ್ದ ಹೆಸರು 'ಎಕ್ಸಾರ್ಸಿಸ್ಟ್'. ವಿಲಿಯಂ ಪೀಟರ್ ಬ್ಲಾಟಿಯವರ ಆ ಕಾದಂಬರಿ 1971ರದು, ಸಿನಿಮಾ 1973ರದು. ಅಲ್ಲಿಯೂ ಒಂದು ಹೆಣ್ಣುಮಗು, ಅಲ್ಲಿಯೂ ಕೈಚೆಲ್ಲಿ ನಿಂತ ವೈದ್ಯರು, ಅಲ್ಲಿಯೂ ಕೊನೆಗೆ ಮಂತ್ರದ ಮೊರೆ. ನಾನು ಬಿ.ಎಡ್. ಓದುವಾಗ ಅದರ ಇಂಗ್ಲಿಷ್ ಪುಸ್ತಕ ಸಿಕ್ಕಿತು. ಓದಿದಾಗ ಅಂಥ ಹೆದರಿಕೆ ಆಗಲಿಲ್ಲ. ಅದರ ಪಾದ್ರಿಗಳು, ಶಿಲುಬೆ, ತೀರ್ಥ ಯಾವುದೂ ನಮ್ಮ ಮನೆಯ ಹಿತ್ತಲಲ್ಲಿ ಇರಲಿಲ್ಲ. ವೀರೇಂದ್ರನಾಥರು ಎರವಲು ತಂದದ್ದು ಮನೆಯ ನಕ್ಷೆಯನ್ನು ಎಂದಿಟ್ಟುಕೊಳ್ಳೋಣ. ಇಟ್ಟಿಗೆ, ಗಾರೆ ಎಲ್ಲ ಇಲ್ಲಿಯದೇ. ನಿಂಬೆಹಣ್ಣು, ಕುಂಕುಮ, ಅಮಾವಾಸ್ಯೆ, ಗೊಂಬೆ, ಸೂಜಿ. ಇವು ಪ್ರತಿ ಬೀದಿಯಲ್ಲೂ ಇರುವ ವಸ್ತುಗಳು. ಪುಸ್ತಕ ಮುಚ್ಚಿಟ್ಟು ನೀರು ತರಲು ಹೋದರೆ ಮೂರು ದಾರಿ ಕೂಡುವಲ್ಲಿ ಯಾರೋ ಇಳಿ ತೆಗೆದು ಎಸೆದ ನಿಂಬೆಹಣ್ಣು ಬಿದ್ದಿರುತ್ತಿತ್ತು. ಅಲ್ಲಿಯವರೆಗೆ ಅದನ್ನು ದಾಟಿಕೊಂಡೇ ಶಾಲೆಗೆ ಹೋಗುತ್ತಿದ್ದ ನಾವು ಸುತ್ತು ಹಾಕಿಕೊಂಡು ಹೋಗತೊಡಗಿದೆವು.

ಭಯವನ್ನು ನಮ್ಮ ಊರು ತಿಳಿಯದ್ದೇನೂ ಅಲ್ಲ. ಕೋಲಾರಮ್ಮನ ಗುಡಿಯ ಆವರಣದಲ್ಲಿ ಚೇಳಮ್ಮನಿದ್ದಾಳೆ. ಅವಳಿಗೆ ಹರಕೆ ಹೊತ್ತರೆ ಚೇಳು ಕಡಿಯುವುದಿಲ್ಲವೆಂದು ನಂಬಿಕೆ. ಬಂಡೆ, ಬೇಲಿ, ಬೀಡುನೆಲದ ಸೀಮೆಯಲ್ಲಿ ಬರಿಗಾಲಲ್ಲಿ ಓಡಾಡಿದವರು ಚೇಳಿಗೆ ಒಂದು ಗುಡಿ ಕಟ್ಟಿದ್ದರಲ್ಲಿ ಅರ್ಥವಿದೆ. ಭಯಕ್ಕೆ ಹೆಸರು, ಮುಖ, ಒಂದು ಜಾಗ ಕೊಟ್ಟು, ಕೈಮುಗಿದು, ಮನೆಗೆ ಬಂದು ನಿದ್ದೆ ಮಾಡಿದರು. ಆ ನಂಬಿಕೆಯಿಂದ ಯಾರ ಮನೆಯೂ ಹಾಳಾಗಲಿಲ್ಲ. ಮಾಟದ ಭಯ ಬೇರೆ ಜಾತಿಯದು. ಅದಕ್ಕೆ ಗುಡಿಯ ಮೂರ್ತಿ ಸಾಲದು. ಮಾಡಿದವರು ಯಾರೆಂದು ತೋರಿಸಲು ಅದಕ್ಕೆ ಒಬ್ಬ ಮನುಷ್ಯ ಬೇಕು.

ನಮ್ಮ ಬೀದಿ ಅಂಥ ಒಬ್ಬಳನ್ನು ಹುಡುಕಿಕೊಂಡಿತು. ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ವರ್ಷ ಯೋಚಿಸಿದ್ದೇನೆ. ಇದನ್ನು ಬಿಟ್ಟು ತುಳಸಿದಳದ ಬಗ್ಗೆ ಬರೆದರೆ ಅದು ಪ್ರಾಮಾಣಿಕ ವಿಮರ್ಶೆಯಾಗದು ಎಂದು ಈಗ ಬರೆಯುತ್ತಿದ್ದೇನೆ.

ಬೀದಿಯ ಕೊನೆಯ ಮನೆಯಲ್ಲಿ ಒಬ್ಬ ಅಜ್ಜಿ ಒಬ್ಬಳೇ ಇದ್ದಳು. ಗಂಡ ಇಲ್ಲ, ಮಕ್ಕಳಿಲ್ಲ. ಮೊಳಕೆ ಕಟ್ಟಿದ ಹುರುಳಿಯನ್ನು ಬುಟ್ಟಿಯಲ್ಲಿಟ್ಟು ಬೆಳಿಗ್ಗೆ ಮಾರುವಳು. ಮಕ್ಕಳಿಗೆ ಹೊಟ್ಟೆನೋವು ಬಂದರೆ ಯಾವುದೋ ಸೊಪ್ಪು ಅರೆದು ಕೊಡುವಳು. ಪಕ್ಕದ ಮನೆಯ ನಾಲ್ಕು ವರ್ಷದ ಮಗುವಿಗೆ ಒಂದು ಸಂಜೆ ಸೆಟೆತ ಬಂತು. ಕೈಕಾಲು ಸೆಟೆದುಕೊಂಡು, ಕಣ್ಣು ಮೇಲಾಗಿ, ಬಾಯಲ್ಲಿ ನೊರೆ. ಬೀದಿಯೆಲ್ಲ ಸೇರಿತು. ನಾನೂ ಓಡಿದೆ. ಹೆಂಗಸರು ಗಾಳಿ ಎಂದರು, ಪೀಡೆ ಎಂದರು. ಎಲ್ಲರಿಗಿಂತ ಹೆಚ್ಚು ಓದಿದವಳು ನಾನಿದ್ದೆ. ಪುಸ್ತಕದಲ್ಲಿ ಹೀಗೆಯೇ ಇದೆ, ಇದು ಕಾಷ್ಮೋರಾ ಎಂದು ನಾನು ಹೇಳಿದೆ. ಯಾರೋ ಕೇಳಿದರು: "ಅದು ತಾನಾಗಿ ಬರುತ್ತದಾ?" ಇಲ್ಲ, ಯಾರಾದರೂ ಬಿಡಬೇಕು ಎಂದೆ. ಆ ಬೆಳಿಗ್ಗೆ ಅಜ್ಜಿ ಆ ಮಗುವಿನ ತಲೆ ಸವರಿದ್ದಳೆಂದು ಇನ್ನಾರೋ ನೆನಪಿಸಿಕೊಂಡರು.

ನಾನು ಅಜ್ಜಿಯ ಹೆಸರು ಹೇಳಲಿಲ್ಲ, ನಿಜ. ಆದರೆ ಅವಳ ಹೆಸರು ಕೂರುವಂಥ ಜಾಗವನ್ನು ಸಿದ್ಧಮಾಡಿ ಕೊಟ್ಟವಳು ನಾನೇ. ಮರುದಿನದಿಂದ ಅವಳ ಹುರುಳಿಯನ್ನು ಯಾರೂ ಕೊಳ್ಳಲಿಲ್ಲ. ನಲ್ಲಿಯ ಹತ್ತಿರ ಅವಳು ಬಂದರೆ ಹೆಂಗಸರು ಬಿಂದಿಗೆ ಎತ್ತಿಕೊಂಡು ಸರಿದು ನಿಲ್ಲುವರು. ಅವಳ ಬಾಗಿಲಿಗೆ ಯಾರೋ ರಾತ್ರಿ ಸೆಗಣಿ ಎರಚಿದರು. ಹೊಡೆಯಲಿಲ್ಲ, ಬಡಿಯಲಿಲ್ಲ. ನಮ್ಮದು ಮರ್ಯಾದಸ್ಥರ ಬೀದಿ. ಅವ್ವ ಮಾತ್ರ ಎರಡು ಸಲ ನನ್ನ ಕೈಯಲ್ಲಿ ಅವಳಿಗೆ ಸಾರು ಕಳಿಸಿದಳು. ಮೂರನೆಯ ಸಲ ನಾನು ಹೋಗಲಾರೆ ಎಂದೆ. ಒಂದು ವರ್ಷದೊಳಗೆ ಆ ಅಜ್ಜಿ ಮನೆಗೆ ಬೀಗ ಹಾಕಿ ಬಂಗಾರಪೇಟೆಯ ಕಡೆ ಯಾರೋ ನೆಂಟರ ಹತ್ತಿರ ಹೋದಳೆಂದು ತಿಳಿಯಿತು. ಮಗುವನ್ನು ಆಮೇಲೆ ದೊಡ್ಡಾಸ್ಪತ್ರೆಗೆ ತೋರಿಸಿದರು. ಮೂರ್ಛೆರೋಗ ಎಂದರು, ಮಾತ್ರೆ ಕೊಟ್ಟರು. ಆ ಮಗು ಬೆಳೆದು, ಮದುವೆಯಾಗಿ, ಈಗ ಮಕ್ಕಳೊಂದಿಗೆ ಚೆನ್ನಾಗಿದೆ.

ಇದಕ್ಕೆ ವೀರೇಂದ್ರನಾಥರು ಹೊಣೆಯೆ? ತೆಲುಗಿನಲ್ಲಿ ಈ ಪ್ರಶ್ನೆ ಆಗಲೇ ಎದ್ದಿತ್ತು. ಇಂಥ ಕಾದಂಬರಿಗಳಿಗೆ ಕ್ಷುದ್ರ ಸಾಹಿತ್ಯವೆಂಬ ಹೆಸರೇ ಬಂದಿತ್ತು. ಲೇಖಕಿ ರಂಗನಾಯಕಮ್ಮನವರು ಇದು ತುಳಸಿಯ ದಳವಲ್ಲ, ಗಾಂಜಾದ ದಮ್ಮು ಎಂಬ ಅರ್ಥದ ತಲೆಬರಹ ಕೊಟ್ಟು ಖಾರವಾಗಿ ಬರೆದರು. ನಮ್ಮ ಕಡೆ ಎಚ್. ನರಸಿಂಹಯ್ಯನವರಿದ್ದರು. ಆಗ ಕೋಲಾರ ಜಿಲ್ಲೆಗೇ ಸೇರಿದ್ದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿಯನ್ನೇ ಮಾಡಿದರು. ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎಂಬುದು ಅವರು ಜೀವಮಾನವೆಲ್ಲ ಹೇಳಿಕೊಂಡು ಬಂದ ಮಾತು. ಅದೇ ಜಿಲ್ಲೆಯ ಹುಡುಗಿಯರು ನಾವು ಪ್ರಶ್ನಿಸದೆ ಒಪ್ಪಿಕೊಂಡಿದ್ದು ಒಂದು ಬಾಡಿಗೆ ಕಾದಂಬರಿಯನ್ನು.

ಆದರೆ ಲೇಖಕರ ಪರವಾಗಿ ಹೇಳಬೇಕಾದ ಮಾತೂ ಇದೆ. ತುಳಸಿದಳ ಮಾಟ ನಿಜವೆಂದು ಸಾರುವ ಪುಸ್ತಕವಲ್ಲ. ಮಗುವನ್ನು ಉಳಿಸಲು ಒಂದು ಕಡೆ ವೈದ್ಯರು ಹೆಣಗುತ್ತಾರೆ. ಸಂಮೋಹನ ವಿದ್ಯೆ ಬರುತ್ತದೆ. ಇನ್ನೊಂದು ಕಡೆ ಮಂತ್ರತಂತ್ರ ನಡೆದಿರುತ್ತದೆ. ಉಳಿಸಿದ್ದು ಯಾವುದು ಎಂಬುದನ್ನು ಲೇಖಕರು ಓದುಗರಿಗೆ ಬಿಡುತ್ತಾರೆ. ಎರಡು ಬಾಗಿಲುಗಳನ್ನೂ ತೆರೆದಿಟ್ಟು ಅವರು ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ನಾನು ಹೊಸದಾಗಿ ಮೇಡಂ ಆಗಿದ್ದಾಗ ಇದು ನನಗೆ ಬಹಳ ದೊಡ್ಡ ಕಲೆಯಾಗಿ ಕಂಡಿತ್ತು. ಓದುಗರ ಬುದ್ಧಿಯನ್ನು ಗೌರವಿಸುವ ಲೇಖಕ ಎಂದು ವಾದಿಸುತ್ತಿದ್ದೆ. ಈಗ ಹಾಗನ್ನಲು ಮನಸ್ಸು ಬರುವುದಿಲ್ಲ. ಎರಡು ಬಾಗಿಲು ಸಮವಾಗಿ ತೆರೆದಿರಬೇಕಾದರೆ ಎರಡರ ಮುಂದೆಯೂ ಒಂದೇ ಅಳತೆಯ ದೀಪ ಇಡಬೇಕು. ವೈದ್ಯರ ವಿವರಣೆ ಓದಿ ನಮ್ಮಲ್ಲಿ ಯಾರೂ ರಾತ್ರಿ ಎದ್ದು ಕುಳಿತದ್ದಿಲ್ಲ. ಮಾಟಗಾರನ ಪುಟಗಳು ಬಾಯಿಪಾಠವಾಗಿದ್ದವು. ಎಲ್ಲಿ ಶಕ್ತಿ ಸುರಿಯಬೇಕೆಂದು ಲೇಖಕರಿಗೆ ಗೊತ್ತಿತ್ತು. ತಕ್ಕಡಿ ಸಮ ಇದೆ ಎಂದು ಕೊನೆಯಲ್ಲಿ ಹೇಳಿದರೆ ಸಾಲದು. ಮುಂದಿನ ಭಾಗವಾದ 'ತುಳಸಿ'ಯಲ್ಲಿ ಕಾಷ್ಮೋರಾ ಮತ್ತೆ ಎದ್ದಾಗ ಆ ತಕ್ಕಡಿ ಇನ್ನೂ ಒಂದು ಕಡೆಗೆ ವಾಲಿತು. 1986ರಲ್ಲಿ ಅದು ತೆಲುಗಿನಲ್ಲಿ 'ಕಾಷ್ಮೋರಾ' ಎಂಬ ಹೆಸರಿನ ಸಿನಿಮಾ ಆಯಿತು. ಹೆಸರೇ ಹೇಳುತ್ತದೆ, ಜನರಿಗೆ ಬೇಕಾದದ್ದು ಯಾರು ಎಂದು.

ಅದಕ್ಕೂ ಒಂದು ವರ್ಷ ಮೊದಲು, 1985ರಲ್ಲಿ, ಕನ್ನಡದ 'ತುಳಸಿದಳ' ಚಿತ್ರ ಬಂದಿತ್ತು. ನಿರ್ದೇಶಕರು ವೇಮಗಲ್ ಜಗನ್ನಾಥರಾವ್. ನಮ್ಮ ಕೋಲಾರ ತಾಲ್ಲೂಕಿನ ವೇಮಗಲ್ಲನ್ನು ಹೆಸರಿನಲ್ಲಿಟ್ಟುಕೊಂಡವರ ಚಿತ್ರವೆಂದು ನಮಗೆ ಅದರ ಮೇಲೆ ಒಂದು ಹಕ್ಕಿತ್ತು. ಟಾಕೀಸಿನಲ್ಲಿ ಹೆಂಗಸರ ಕಡೆಯ ಬೆಂಚಿನಲ್ಲಿ ಅವ್ವನೂ ಕುಳಿತಿದ್ದಳು. ಸಿನಿಮಾ ಮುಗಿದ ಮೇಲೆ, "ನುವ್ವು ಚೆಪ್ಪಿನಂತ ಬಾಗಾಲೇದು" ಎಂದಳು. ನೀನು ಹೇಳಿದಷ್ಟು ಚೆನ್ನಾಗಿಲ್ಲ ಎಂದು. ಒಬ್ಬ ವಿಮರ್ಶಕಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಸಿಗಲಾರದು. ಆದರೆ ಆ ಹೊತ್ತಿಗೆ ಕೊನೆಯ ಮನೆಗೆ ಬೀಗ ಬಿದ್ದಿತ್ತು. ಆ ಬೀಗವನ್ನು ದಾಟಿಕೊಂಡೇ ನಾವು ಮನೆಗೆ ಬಂದೆವು.

ಭಯದ ಕಥೆಯನ್ನು ಇನ್ನೊಂದು ರೀತಿಯಲ್ಲಿ ಬರೆಯಬಹುದೆಂದು ನನಗೆ ತೋರಿಸಿದವರು ತ್ರಿವೇಣಿ. ಅವರ 'ಶರಪಂಜರ'ವನ್ನು ಯಾರೂ ಭಯಾನಕ ಕಾದಂಬರಿ ಎನ್ನುವುದಿಲ್ಲ. ನನ್ನ ಲೆಕ್ಕದಲ್ಲಿ ಕನ್ನಡದಲ್ಲಿ ಅದಕ್ಕಿಂತ ಭಯಾನಕವಾದುದು ಕಡಿಮೆ. ಬಾಣಂತಿತನದಲ್ಲಿ ಮನಸ್ಸು ಕದಡಿದ ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಅವಳು ಗುಣವಾದದ್ದನ್ನು ಯಾರೂ ಒಪ್ಪುವುದಿಲ್ಲ. ಗಂಡ, ನೆಂಟರು, ನೆರೆಯವರು ನೋಡುವ ನೋಟವೇ ಅವಳನ್ನು ಮತ್ತೆ ಆಸ್ಪತ್ರೆಗೆ ತಳ್ಳುತ್ತದೆ. ಅಲ್ಲಿ ಕಾಷ್ಮೋರಾ ಇಲ್ಲ. ನೋಡುವ ಕಣ್ಣುಗಳಿವೆ. ನಲ್ಲಿಯ ಹತ್ತಿರ ಬಿಂದಿಗೆ ಎತ್ತಿಕೊಂಡು ಸರಿದು ನಿಂತ ನಮ್ಮ ಬೀದಿಯ ಹೆಂಗಸರ ಕಣ್ಣುಗಳು. ಅವುಗಳ ನಡುವೆ ನನ್ನವೂ ಇದ್ದವು. ತುಳಸಿದಳ ಓದಿ ನಾನು ಹೊರಗಿನ ಕತ್ತಲೆಗೆ ಹೆದರಿದೆ. ಶರಪಂಜರ ಓದಿದಾಗ ನಾನೇನು ಮಾಡಿದ್ದೇನೆಂದು ಹೆದರಿದೆ. ಮೊದಲನೆಯದು ಬೆಳಗಾಗುವಷ್ಟರಲ್ಲಿ ಹೋಯಿತು.

ತೊಂಬತ್ತರ ದಶಕದಲ್ಲಿ ನಾನು ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿದ್ದೆ. ಆಗ ಬಾಗಿಲುಗಳ ಮೇಲೆಲ್ಲ 'ನಾಳೆ ಬಾ' ಎಂದು ಬರೆಯುವ ಕಾಲ ಬಂತು. ರಾತ್ರಿ ಒಂದು ದೆವ್ವ ಬಂದು ಹೆಸರು ಹಿಡಿದು ಕರೆಯುತ್ತದೆ, ಬರಹ ಓದಿ ಹಿಂದಿರುಗುತ್ತದೆ, ಮರುದಿನ ಬಂದರೆ ಮತ್ತೆ ಅದೇ ಬರಹ. ಮಾವಿನ ತೋಪುಗಳ ನಡುವಿನ ಆ ಊರಿನಲ್ಲಿ ಕೆಲವು ಬಾಗಿಲುಗಳ ಮೇಲೆ ಕನ್ನಡದಲ್ಲಿ 'ನಾಳೆ ಬಾ', ಕೆಲವದರ ಮೇಲೆ ಕನ್ನಡ ಅಕ್ಷರದಲ್ಲೇ 'ರೇಪು ರಾ'. ದೆವ್ವಕ್ಕೆ ಯಾವ ಭಾಷೆ ಬರುತ್ತದೋ ಎಂದು ಕೆಲವರು ಎರಡನ್ನೂ ಬರೆದಿದ್ದರು. ನನ್ನ ವಿದ್ಯಾರ್ಥಿಗಳು ಶಾಲೆಯ ಸೀಮೆಸುಣ್ಣವನ್ನೇ ಇದಕ್ಕೆ ಕದ್ದೊಯ್ದರು. ನಾನು ಬೈಯಲಿಲ್ಲ. ಆ ದೆವ್ವ ಒಳ್ಳೆಯದೆಂದು ನನಗೆ ಅನಿಸಿತ್ತು. ಅದು ಯಾರನ್ನೂ ಬೆರಳು ಮಾಡಿ ತೋರಿಸಲಿಲ್ಲ. ಓದಲು ಬರುವ ದೆವ್ವ, ಹೇಳಿದ ಮಾತು ಕೇಳುವ ದೆವ್ವ.

ಅದೇ ಶಾಲೆಯಲ್ಲಿ ಏಳನೆಯ ತರಗತಿಯ ಒಬ್ಬ ಹುಡುಗಿ ಪ್ರಾರ್ಥನೆಯ ಸಾಲಿನಲ್ಲಿ ಬಿದ್ದಳು. ಕೈಕಾಲು ಸೆಟೆದವು. ಹುಡುಗರು ಹಿಂದೆ ಸರಿದು ವೃತ್ತವಾಗಿ ನಿಂತರು. "ಮೇಡಂ, ಗಾಳಿ ಸೋಕಿದೆ, ಅವರ ದೊಡ್ಡಮ್ಮನೇ ಮಾಡಿಸಿರೋದು" ಎಂದು ಒಬ್ಬಳು ಹೇಳಿದಳು. ಹೇಳಿದವಳು ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದುವ ಹುಡುಗಿ. ಅವಳ ಮುಖವನ್ನು ನೋಡಿ ನನಗೆ ಮಾತೇ ಹೊರಡಲಿಲ್ಲ. ಬಿದ್ದ ಹುಡುಗಿಯನ್ನು ಮಗ್ಗುಲಿಗೆ ತಿರುಗಿಸಿ ಮಲಗಿಸಿದೆ, ಬಾಯಿಗೆ ಏನನ್ನೂ ತುರುಕಬೇಡಿ ಎಂದೆ, ಸೆಟೆತ ನಿಲ್ಲುವವರೆಗೆ ಪಕ್ಕದಲ್ಲಿ ಕುಳಿತಿದ್ದೆ. ಆಮೇಲೆ ಅವರ ತಂದೆಯ ಜೊತೆ ನಾನೂ ಆಸ್ಪತ್ರೆಗೆ ಹೋದೆ. ಡಾಕ್ಟರು ಮಾತ್ರೆ ಬರೆದರು, ನಡುವೆ ನಿಲ್ಲಿಸಬೇಡಿ ಎಂದರು. ಹಿಂದಿರುಗುವಾಗ ಬಸ್ಸಿನಲ್ಲಿ ಆ ತಂದೆಯನ್ನು ಕೇಳಿದೆ, ನಿಮ್ಮ ಅತ್ತಿಗೆಗೂ ನಿಮಗೂ ಏನಾದರೂ ತಕರಾರಿದೆಯೆ ಎಂದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ಅಣ್ಣ ಸತ್ತ ಮೇಲೆ ತೋಪಿನ ಪಾಲು ಇನ್ನೂ ಇತ್ಯರ್ಥವಾಗಿಲ್ಲ.

ಆ ರಾತ್ರಿಯೇ ನನಗೆ ಕೋಲಾರದ ಕೊನೆಯ ಮನೆ ನೆನಪಾದದ್ದು. ಮುಂದಿನ ಸಲ ಊರಿಗೆ ಹೋದಾಗ ಅವ್ವನನ್ನು ಕೇಳಿದೆ. ಅವ್ವನಿಗೆ ಆಗ ಕಣ್ಣು ಕಾಣುತ್ತಿರಲಿಲ್ಲ, ನೆನಪು ಮಾತ್ರ ಗಟ್ಟಿಯಾಗಿತ್ತು. ಅಜ್ಜಿಯ ಮನೆಯ ಹಿಂದೆ ಒಂದು ಖಾಲಿ ನಿವೇಶನ ಇತ್ತೆಂದೂ, ಅದನ್ನು ಕೊಡೆಂದು ಬೀದಿಯ ಒಬ್ಬರು ವರ್ಷಗಟ್ಟಲೆ ಕೇಳುತ್ತಿದ್ದರೆಂದೂ, ಅವಳು ಊರು ಬಿಟ್ಟ ಮೇಲೆ ಅದು ಅವರದೇ ಆಯಿತೆಂದೂ ಹೇಳಿದಳು. ನನಗೆ ಗೊತ್ತಿತ್ತು ಎಂದಳು. ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನುವ್ವು ಪುಸ್ತಕಂ ಚದಿವಿನದಾನಿವಿ ಕದಾ" ಎಂದಳು. ನೀನು ಪುಸ್ತಕ ಓದಿದವಳಲ್ಲವೆ.

ನಾನು ಪುಸ್ತಕವನ್ನು ಮತ್ತೆ ಕೊಂಡು ಓದಿದೆ. ಈ ಸಲ ರಟ್ಟೂ ಇತ್ತು, ಮೊದಲ ಪುಟಗಳೂ ಇದ್ದವು. ಆಗ ಕಂಡದ್ದು ಇದು: ಹುಡುಗಿಯಾಗಿದ್ದಾಗ ನಾನು ನೆನಪಿಟ್ಟುಕೊಂಡದ್ದು ಕಾಷ್ಮೋರಾವನ್ನು, ಮರೆತುಬಿಟ್ಟದ್ದು ಉಯಿಲನ್ನು. ಲೇಖಕರು ಉಯಿಲನ್ನು ಬಚ್ಚಿಟ್ಟಿರಲಿಲ್ಲ. ಲೆಕ್ಕ ಬಲ್ಲ ಮನುಷ್ಯ, ದುಡ್ಡಿನ ದಾರಿಯನ್ನು ಸರಿಯಾಗಿಯೇ ಬರೆದಿದ್ದರು. ಮಗು ಇಲ್ಲವಾದರೆ ಯಾರಿಗೆ ಲಾಭ ಎಂಬ ಪ್ರಶ್ನೆ ಕಥೆಯ ಬುಡದಲ್ಲಿಯೇ ಇತ್ತು. ಆ ಪ್ರಶ್ನೆಯನ್ನು ನಮ್ಮ ಬೀದಿಯಲ್ಲಿ ಕೇಳಿದ್ದರೆ, ಅಜ್ಜಿ ಇಲ್ಲವಾದರೆ ಯಾರಿಗೆ ಲಾಭ ಎಂದು ಕೇಳಿದಂತಾಗುತ್ತಿತ್ತು. ಉತ್ತರ ನಾಲ್ಕು ಮನೆ ಆಚೆ ಜಗಲಿಯ ಮೇಲೆ ಕುಳಿತಿತ್ತು.

ಹಾಗಾದರೆ ತಪ್ಪು ನನ್ನ ಓದಿನದೆ, ಅವರ ಬರಹದ್ದೆ? ಇಬ್ಬರದೂ ಎಂದು ಹೇಳುತ್ತೇನೆ. ತನ್ನ ಪ್ರೇಕ್ಷಕರು ಎಲ್ಲಿ ನೋಡುತ್ತಾರೆಂದು ಗೊತ್ತಿರುವ ಜಾದೂಗಾರ, ನೀವು ಈ ಕೈಯನ್ನೂ ನೋಡಬಹುದಿತ್ತು ಎಂದರೆ ಅದು ಪೂರ್ತಿ ನ್ಯಾಯವಲ್ಲ. ಆದರೆ ಆ ಕೈಯನ್ನು ಅವನು ತೋಳಿನೊಳಗೆ ಬಚ್ಚಿಟ್ಟಿದ್ದನೆಂದು ದೂರುವುದೂ ನ್ಯಾಯವಲ್ಲ. ತುಳಸಿದಳದೊಳಗೆ ಒಂದು ಒಳ್ಳೆಯ ಕಾದಂಬರಿ ಇದೆ. ಅದು ಆಸೆಯ ಕಥೆ, ಮಗುವಿನ ಪ್ರಾಣಕ್ಕೆ ಬೆಲೆ ಕಟ್ಟುವವರ ಕಥೆ. ಅದರ ಮೇಲೆ ಹೊದಿಸಿದ ಕಪ್ಪು ಕಂಬಳಿ ಎಷ್ಟು ದಪ್ಪವಾಯಿತೆಂದರೆ ಓದುಗರು ಕಂಬಳಿಯನ್ನೇ ಕೊಂಡುಹೋದರು.

ವೀರೇಂದ್ರನಾಥರು ಆ ಕಂಬಳಿಯಡಿಯಲ್ಲೇ ಉಳಿಯಲಿಲ್ಲ ಎಂಬುದನ್ನು ಹೇಳಲೇಬೇಕು. ಅವರ 'ವೆನ್ನೆಲ್ಲೋ ಆಡಪಿಲ್ಲ' ಕನ್ನಡದಲ್ಲಿ 1995ರಲ್ಲಿ ಸುನಿಲ್ ಕುಮಾರ್ ದೇಸಾಯಿಯವರ 'ಬೆಳದಿಂಗಳ ಬಾಲೆ' ಚಿತ್ರವಾಯಿತು. ಅಲ್ಲಿಯೂ ಕಣ್ಣಿಗೆ ಕಾಣದ ಒಂದು ಹೆಣ್ಣು ಇದ್ದಾಳೆ. ಅವಳು ದೆವ್ವವಲ್ಲ, ದೂರವಾಣಿಯ ದನಿ. ಕಾಣದುದನ್ನು ಕಾದು ಕೂರಿಸುವ ಅದೇ ವಿದ್ಯೆ, ಭಯದ ಜಾಗದಲ್ಲಿ ಪ್ರೀತಿ. ಆಮೇಲೆ ಅವರು ವ್ಯಕ್ತಿತ್ವ ವಿಕಸನದ ಪುಸ್ತಕಗಳಿಗೆ ತಿರುಗಿದರು. 'ವಿಜಯಾನಿಕಿ ಅಯಿದು ಮೆಟ್ಲು' ತೆಲುಗಿನಲ್ಲಿ ಬಹಳ ಮಾರಾಟವಾಯಿತು. ರಾತ್ರಿ ದೀಪ ಆರಿಸಲು ಹೆದರುವಂತೆ ಮಾಡಿದವರೇ ಧೈರ್ಯದ ಪಾಠ ಹೇಳಿದಾಗ ನಮ್ಮ ಕಡೆಯ ಹಳೆಯ ಓದುಗರು ನಕ್ಕರು, ಆದರೆ ಅದನ್ನೂ ಕೊಂಡು ಓದಿದರು. ಕನ್ನಡದಲ್ಲಿ ಆ ಕತ್ತಲೆಯ ದಾರಿಯನ್ನು ರವಿ ಬೆಳಗೆರೆಯವರು 'ಮಾಟಗಾತಿ', 'ಸರ್ಪ ಸಂಬಂಧ'ಗಳಲ್ಲಿ ಮುಂದುವರಿಸಿದರು. ಅವನ್ನೂ ನಾನು ಒಂದೇ ಉಸಿರಿಗೆ ಓದಿದ್ದೇನೆ. ಹೆದರುವ ಸುಖವನ್ನು ಬಿಟ್ಟೆನೆಂದು ನಾನು ಎಲ್ಲಿಯೂ ಹೇಳಿಲ್ಲ.

ಕರ್ನಾಟಕ ಸರ್ಕಾರ 2017ರಲ್ಲಿ ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ಕಾಯಿದೆ ಮಾಡಿತು. 2020ರ ಜನವರಿಯಲ್ಲಿ ಅದು ಜಾರಿಗೆ ಬಂತು. ಒಳ್ಳೆಯದೇ ಆಯಿತು. ಆದರೆ ನಲ್ಲಿಯ ಹತ್ತಿರ ಸರಿದು ನಿಲ್ಲುವುದನ್ನು ಯಾವ ಕಾಯಿದೆಯೂ ಹಿಡಿಯಲಾರದು. ಅದನ್ನು ಶಾಲೆಯಲ್ಲಿ, ಮನೆಯಲ್ಲಿ, ಕಥೆ ಹೇಳುವಾಗಲೇ ಹಿಡಿಯಬೇಕು.

ಆದ್ದರಿಂದ ನಾನು ಕಥೆ ಹೇಳುವುದನ್ನು ನಿಲ್ಲಿಸಿಲ್ಲ. ಈಗ ಮಾಲೂರಿನ ಕಡೆಯ ಶಾಲೆಯಲ್ಲಿದ್ದೇನೆ. ಹೆಂಚಿನ, ಇಟ್ಟಿಗೆಯ ಕೆಲಸಕ್ಕೆ ಹೋಗುವವರ ಮಕ್ಕಳು ಹೆಚ್ಚು. ಅವರು ಮೊಬೈಲಿನಲ್ಲಿ ನೋಡುವ ದೆವ್ವಗಳ ಮುಂದೆ ಕಾಷ್ಮೋರಾ ಪಾಪದ್ದು. ಆದರೂ ಮಳೆ ಬಂದು ಕರೆಂಟು ಹೋದ ಮಧ್ಯಾಹ್ನ, "ಮಿಸ್, ದೆವ್ವದ ಕಥೆ ಹೇಳಿ" ಎನ್ನುತ್ತಾರೆ. ಹೇಳುತ್ತೇನೆ. ಅವ್ವ ಕಟ್ಟಿದ ಭಾಗಗಳನ್ನೂ ಸೇರಿಸಿ ಹೇಳುತ್ತೇನೆ. ಬಾಗಿಲು ತೆರೆಯುವಲ್ಲಿ ನಿಲ್ಲಿಸುತ್ತೇನೆ, ಅದು ವೀರೇಂದ್ರನಾಥರಿಂದ ಕಲಿತದ್ದು. ಹುಡುಗಿಯರು ಒಬ್ಬರ ಕೈ ಒಬ್ಬರು ಹಿಡಿದುಕೊಂಡಿರುತ್ತಾರೆ. ಆಗ ಒಂದು ಪ್ರಶ್ನೆ ಕೇಳುತ್ತೇನೆ: ಆ ಮಗು ಇಲ್ಲವಾದರೆ ದುಡ್ಡು ಯಾರಿಗೆ ಹೋಗುತ್ತದೆ?

ಮೊದಲು ಎಲ್ಲರೂ ಸುಮ್ಮನಿರುತ್ತಾರೆ. ಕಥೆಯ ನಡುವೆ ಲೆಕ್ಕ ಕೇಳಿದರೆ ಯಾರಿಗೆ ಹಿಡಿಸುತ್ತದೆ? ಹೋದ ಮಳೆಗಾಲದಲ್ಲಿ ಹಿಂದಿನ ಬೆಂಚಿನ ಒಬ್ಬ ಹುಡುಗಿ ನಿಧಾನವಾಗಿ ಕೈಯೆತ್ತಿದಳು. "ಮಿಸ್, ಹಾಗಾದ್ರೆ ನಮ್ಮ ಬೀದೀಲಿ ಒಬ್ಬ ಅಜ್ಜಿನ ಎಲ್ರೂ..." ಎಂದು ಅಷ್ಟಕ್ಕೇ ನಿಲ್ಲಿಸಿದಳು. ಗಂಟೆ ಹೊಡೆಯಿತು. ಉಳಿದವರು ಚೀಲ ಎತ್ತಿಕೊಂಡು ಓಡಿದರು. ನಾನು ಅವಳ ಪಕ್ಕದಲ್ಲಿ ಬೆಂಚಿನ ಮೇಲೆ ಕುಳಿತು, ಹೇಳಮ್ಮ ಎಂದೆ.